ಹಳೆ ಇ220 ಬಿಚ್ಚುತ್ತಿದ್ದೇನೆ: ಎಂಜಿನ್ ವೈರಿಂಗ್ ಪುಡಿಯಾಗುತ್ತಿದೆ, ಏನೇನು ಉಳಿಸಿಕೊಳ್ಳಲಿ?

ಮೈಸೂರು_124:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1996ರ ಮರ್ಸಿಡಿಸ್ ಇ220 ಇದೆ. ಡಬ್ಲ್ಯು124 ಅನ್ನುವ ಬಾಡಿ ಮಾದರಿ, ಪುಣೆಯಲ್ಲಿ ಜೋಡಿಸಿದ್ದು, ಎಂ111 ಅನ್ನುವ ಪೆಟ್ರೋಲ್ ಎಂಜಿನ್. ಚಿಕ್ಕಪ್ಪ ಪ್ರೀತಿಯಿಂದ ಇಟ್ಟುಕೊಂಡಿದ್ದ ಗಾಡಿ. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ ಕೀ ತಂದು ನನ್ನ ಕೈಗೆ ಕೊಟ್ಟರು. ಇದನ್ನು ಓಡಿಸುತ್ತಲೇ ಇರಬೇಕು ಅನ್ನೋದು ನನ್ನ ಆಸೆ.

ತೊಂದರೆ ಏನಂದ್ರೆ, ಬೆಳಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ. 20 ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ನಿಂತಾಗ ಎಂಜಿನ್ ತಿರುಗುವ ವೇಗ) ಮೇಲೆ ಕೆಳಗೆ ಆಡುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಕೆಲವು ಸಲ ಎರಡೇ ಸಿಲಿಂಡರಿನಲ್ಲಿ ಓಡಿದ ಹಾಗೆ ಗಾಡಿ ಪೂರ್ತಿ ಅಲುಗಾಡುತ್ತದೆ. ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್ ಮಾಸ್ ಸೆನ್ಸರ್ ಎಲ್ಲ ಬದಲಾಯಿಸಿದರು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ.

ಕಳೆದ ತಿಂಗಳು ಮಂಡ್ಯದ ಕಡೆ ಇದೇ ಮಾಡೆಲ್‌ನ ಇನ್ನೊಂದು ಗಾಡಿ ಸಿಕ್ಕಿತು. ಬಲಗಡೆ ಹಿಂಭಾಗಕ್ಕೆ ಲಾರಿ ಗುದ್ದಿದೆ. 9 ವರ್ಷದಿಂದ ತೆಂಗಿನ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಬಿಡಿಭಾಗಕ್ಕೆ ಅಂತಲೇ ತಗೊಂಡೆ. ಮೊದಲು ಅದರ ಎಂಜಿನ್ ವೈರಿಂಗ್ ಬಿಚ್ಚಿ ನನ್ನ ಗಾಡಿಗೆ ಹಾಕೋಣ ಅಂದುಕೊಂಡಿದ್ದೆ. ಬಿಚ್ಚಿ ಸ್ವಲ್ಪ ಬಗ್ಗಿಸಿದರೆ ಸಾಕು, ವೈರಿನ ಮೇಲಿನ ಹೊದಿಕೆ ಹಪ್ಪಳದ ಹಾಗೆ ಮುರಿದು ಉದುರುತ್ತಿದೆ! ಒಳಗೆ ಬರೀ ತಾಮ್ರ.

ಇದಕ್ಕೆ ಟೇಪ್ ಸುತ್ತಿ ಹಾಕಬಹುದಾ? ಮತ್ತೆ, ಗಾಡಿ ಇಟ್ಟಿರುವ ಜಾಗ ಇನ್ನೊಂದು ತಿಂಗಳಲ್ಲಿ ಖಾಲಿ ಮಾಡಬೇಕು. ಅಷ್ಟರಲ್ಲಿ ಯಾವುದನ್ನು ಬಿಚ್ಚಿಕೊಳ್ಳಲಿ, ಯಾವುದನ್ನು ಬಿಡಲಿ?

ಸ್ಪ್ಯಾನರ್_ಹುಬ್ಬಳ್ಳಿ:

ಸರ್, ಮೊದಲು ಒಂದು ಮಾತು. ಆ ವೈರಿಂಗನ್ನು ನಿಮ್ಮ ಗಾಡಿಗೆ ಹಾಕಲೇಬೇಡಿ. ಟೇಪ್ ಸುತ್ತಿಯೂ ಬೇಡ. ಮೇಲ್ಗಡೆ ಕಾಣುವ ಕಡೆ ಟೇಪ್ ಸುತ್ತುತ್ತೀರಿ, ಒಳಗಡೆ ಕಟ್ಟಿನಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ವೈರ್‌ಗಳಿಗೆ ಏನು ಮಾಡುತ್ತೀರಿ?

1990ರ ದಶಕದ ನಡುಭಾಗದವರೆಗಿನ ಈ ಎಂಜಿನ್‌ಗಳ ವೈರಿಂಗಿಗೆ ಇದು ಎಲ್ಲ ಕಡೆ ಗೊತ್ತಿರುವ ರೋಗ. ಎಂಜಿನ್ ಬಿಸಿಗೆ ಹೊದಿಕೆ ಗಟ್ಟಿಯಾಗಿ ಪುಡಿಯಾಗುತ್ತದೆ. ನಿಮ್ಮ ಓಡುವ ಗಾಡಿಯ ವೈರಿಂಗ್‌ಗೂ ಅಷ್ಟೇ ವಯಸ್ಸು, ಅಲ್ವಾ? ನನಗನ್ನಿಸುವುದು ಏನಂದ್ರೆ, ನಿಮ್ಮ ಗಾಡಿಯ ತೊಂದರೆಯೂ ಇದೇ.

ಎರಡು ಸಿಲಿಂಡರಿನಲ್ಲಿ ಓಡಿದ ಹಾಗೆ ಅಂದಿರಲ್ಲ, ಅದೇ ಸುಳಿವು. ಎಂ111ರಲ್ಲಿ 2 ಕಾಯಿಲ್ ಇವೆ. ಒಂದು ಕಾಯಿಲ್ 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ಕ್ಕೆ. ಒಂದು ಕಾಯಿಲಿಗೆ ಹೋಗುವ ವೈರ್ ಇನ್ನೆಲ್ಲೋ ತಾಗಿದರೆ ಎರಡು ಸಿಲಿಂಡರ್ ಒಟ್ಟಿಗೆ ಸತ್ತುಹೋಗುತ್ತವೆ. ತಣ್ಣಗಿದ್ದಾಗ ವೈರ್ ದೂರ ಇರುತ್ತದೆ, ಬಿಸಿಯಾದಾಗ ಅಲುಗಿ ತಾಗುತ್ತದೆ.

ಹೀಗೆ ನೋಡಿ. ನಿಮ್ಮ ಗಾಡಿಯ ಬ್ಯಾಟರಿ ತೆಗೆಯಿರಿ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪ್ಲಗ್ ಬಿಚ್ಚಿ, ಕಾಯಿಲ್, ಇಂಜೆಕ್ಟರ್, ಸೆನ್ಸರ್‌ಗಳ ಪ್ಲಗ್‌ಗಳನ್ನೂ ಬಿಚ್ಚಿ. ಮಲ್ಟಿಮೀಟರನ್ನು ಬೀಪ್ ಬರುವ ಕಡೆ ಇಟ್ಟು, ಕಾಯಿಲ್ ವೈರಿನಿಂದ ಪಕ್ಕದ ವೈರಿಗೆ, ಆಮೇಲೆ ಗಾಡಿಯ ಲೋಹದ ಮೈಗೆ ಇಟ್ಟು ನೋಡಿ. ಮೀಟರ್ ಹಿಡಿದುಕೊಂಡೇ ವೈರ್ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿ. ಬೀಪ್ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನೊಂದು ತುಂಬ ಮುಖ್ಯ. ತೋಟದ ಗಾಡಿಗೆ ಬ್ಯಾಟರಿ ಕೊಟ್ಟು ಕೀ ತಿರುಗಿಸಿಲ್ಲ ತಾನೇ?

ಮೈಸೂರು_124:

ಇಲ್ಲ ಸರ್. ಇವತ್ತು ಸಂಜೆ ಬ್ಯಾಟರಿ ಹಾಕಿ ನೋಡೋಣ ಅಂತಿದ್ದೆ. ಯಾಕೆ?

ಸ್ಪ್ಯಾನರ್_ಹುಬ್ಬಳ್ಳಿ:

ಒಳ್ಳೆಯದಾಯಿತು, ಕೇಳಿದಿರಿ. ಬರಿ ತಾಮ್ರದ ವೈರ್‌ಗಳಿಗೆ ಕರೆಂಟ್ ಕೊಟ್ಟರೆ ಇಸಿಯು ಸುಟ್ಟುಹೋಗಬಹುದು. ಆ ಗಾಡಿಯಲ್ಲಿ ಅತಿ ಬೆಲೆಬಾಳುವ ವಸ್ತು ಅದೇ. ಹಾಗಾಗಿ ಮೊದಲ ದಿನ ಮೊದಲ ಕೆಲಸ, ಎಂಜಿನ್ ಹಿಂದಿನ ಬಾಕ್ಸ್ ತೆಗೆದು ಇಸಿಯು ಹೊರಗೆ ತೆಗೆಯಿರಿ. ಒಂದು ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ಇಡಿ. ಗಾಡಿಗೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದ ಹಾಗೆ ತಡೆಯುವ ಸಾಧನ) ಇದ್ದರೆ ಅದರ ಬಾಕ್ಸ್ ಮತ್ತು ಕೀ ಎಲ್ಲವನ್ನೂ ಒಂದೇ ಸೆಟ್ಟಾಗಿ ಇಟ್ಟುಕೊಳ್ಳಿ, ಒಂದಿಲ್ಲದೆ ಇನ್ನೊಂದು ಕೆಲಸ ಮಾಡದು.

ಥ್ರಾಟಲ್ ಆಕ್ಚುಯೇಟರ್ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು ತೆರೆದು ಮುಚ್ಚುವ ಭಾಗ) ಒಳಗಿನ ವೈರ್‌ಗೂ ಅದೇ ರೋಗ. ಹೊರಗಿನಿಂದ ಹೊಸದರ ಹಾಗೆ ಕಂಡರೂ ನಂಬಬೇಡಿ.

ಇಸಿಯು ಹೊರಬಂದ ಮೇಲೆ, ಎಂಜಿನ್ ಕಡೆಯ ಪ್ಲಗ್‌ಗಳು ಬಿಚ್ಚಿದ ಹಾಗೇ ಇರಲಿ. ಆಗ ಧೈರ್ಯವಾಗಿ ಒಳ್ಳೆ ಬ್ಯಾಟರಿ ಕೊಟ್ಟು ಬಾಡಿಯ ಕರೆಂಟ್ ಕೆಲಸಗಳನ್ನು ನೋಡಿ. ಕಿಟಕಿ, ಸೀಟ್ ಮೋಟಾರ್, ವೈಪರ್, ಸೆಂಟ್ರಲ್ ಲಾಕ್. ಗಾಡಿಯಲ್ಲಿ ಇರುವಾಗಲೇ ಓಡಿಸಿ ನೋಡಿ, ಓಡಿದ್ದನ್ನು ಮಾತ್ರ ಬಿಚ್ಚಿ. ಸುಮ್ನೆ ಎಲ್ಲ ಬಿಚ್ಚಿ ಗೋಣಿಚೀಲಕ್ಕೆ ತುಂಬಿದರೆ ಆಮೇಲೆ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಗೊತ್ತಾಗಲ್ಲ.

ಕರಾವಳಿ_ಬೆಂಝ್:

ನಮ್ಮದು ಮಂಗಳೂರು, ಉಪ್ಪುಗಾಳಿಯ ಊರು. ಇ250 ಡೀಸೆಲ್ ಇಟ್ಟುಕೊಂಡಿದ್ದೇನೆ. ಎಂಜಿನ್ ವಿಷಯ ಹುಬ್ಬಳ್ಳಿ ಸರ್ ಹೇಳಿದ್ದಾರೆ, ನಾನು ಬಾಡಿ ವಿಷಯ ಹೇಳುತ್ತೇನೆ.

ನನ್ನ ಲೆಕ್ಕದಲ್ಲಿ ಇಂಥ ಗಾಡಿಯಿಂದ ಎಂಜಿನ್‌ಗಿಂತ ಮೊದಲು ತೆಗೆಯಬೇಕಾದ್ದು ಬಾಡಿ ಸಾಮಾನು. ಫಿಲ್ಟರ್, ಬ್ರೇಕ್ ಪ್ಯಾಡ್, ಬುಷ್ ಇವೆಲ್ಲ ಇವತ್ತಿಗೂ ಹೊಸದು ಸಿಗುತ್ತವೆ. ಡ್ಯಾಶ್‌ಬೋರ್ಡಿನ ಮರದ ಪಟ್ಟಿ, ಬಾಗಿಲಿನ ಮೇಲಿರುವ ಸೀಟಿನ ಆಕಾರದ ಸ್ವಿಚ್, ಸನ್‌ವೈಸರ್, ಬಾಗಿಲ ಹಿಡಿಕೆ, ಕೆಳಗಿನ ಪ್ಲಾಸ್ಟಿಕ್ ಪಟ್ಟಿ, ಒಡೆಯದ ಲ್ಯಾಂಪ್ ಕವರ್ ಇವನ್ನು ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ನಾನು ಒಂದು ಬಾಗಿಲಿನ ಹಿಡಿಕೆಗೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ ಎರಡೂ ಅಲೆದಿದ್ದೇನೆ.

ಪ್ಲಾಸ್ಟಿಕ್ ಬಿಚ್ಚುವಾಗ ಬೆಳಗ್ಗೆ ಚಳಿಯಲ್ಲಿ ಬೇಡ. ಗಾಡಿಯನ್ನು ಬಿಸಿಲಿಗೆ ತಳ್ಳಿ 2 ಗಂಟೆ ಬಿಡಿ, ಇಲ್ಲಾಂದ್ರೆ ಹೇರ್ ಡ್ರೈಯರ್ ಹಿಡಿಯಿರಿ. ಬಿಸಿಯಾದರೆ ಕ್ಲಿಪ್ ಬಗ್ಗುತ್ತದೆ, ತಣ್ಣಗಿದ್ದರೆ ಮುರಿಯುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ಬಳಸಿ. ಪ್ರತಿ ಭಾಗದ ಸ್ಕ್ರೂಗಳನ್ನು ಅದದೇ ಕವರಿಗೆ ಹಾಕಿ, ಮೇಲೆ ಹೆಸರು ಬರೆಯಿರಿ. ಬಿಚ್ಚುವ ಮೊದಲು ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ವೈಪರ್ ಮೋಟಾರ್ ಮತ್ತು ಅದರ ಗೇರ್ ಸೆಟ್ ತಪ್ಪದೇ ತೆಗೆಯಿರಿ. ಈ ವೈಪರಿಗೆ ಇರುವುದು ಒಂದೇ ಕೈ, ಅದು ಮೂಲೆಗೆ ಹೋದಾಗ ಉದ್ದವಾಗಿ, ನಡುವೆ ಬಂದಾಗ ಗಿಡ್ಡವಾಗಿ, ಗಾಜಿನ 86% ಒರೆಸುತ್ತದೆ. ಮಂಗಳೂರಿನ ಜುಲೈ ಮಳೆಯಲ್ಲಿ ಅದನ್ನು ನೋಡುವುದೇ ನನಗೊಂದು ಖುಷಿ. ಒಳಗಿನ ಗೇರಿಗೆ ಗ್ರೀಸ್ ಒಣಗಿದರೆ ಸವೆಯುತ್ತದೆ. ಹಾಕುವ ಮೊದಲು ತೊಳೆದು ಹೊಸ ಗ್ರೀಸ್ ಹಾಕಿ.

ಸೆಂಟ್ರಲ್ ಲಾಕ್ ಈ ಗಾಡಿಯಲ್ಲಿ ಗಾಳಿಯ ಒತ್ತಡದಿಂದ ಓಡುತ್ತದೆ. ಹಿಂದಿನ ಸೀಟಿನ ಕಡೆ ಇರುವ ಪಂಪ್ ಓಡುತ್ತಿದ್ದರೆ ಅದು, ಬಾಗಿಲುಗಳೊಳಗಿನ ಚಿಕ್ಕ ಡಯಾಫ್ರಾಮ್‌ಗಳು, ಎಲ್ಲ ತೆಗೆದಿಡಿ. ಲಾಕ್ ಮಾಡಿದಾಗ ಪಂಪ್ ಬೇಗ ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ.

ಮೈಸೂರು_124:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಮೀಟರ್ ಹಿಡಿದು ನೋಡಿದೆ. ಹುಬ್ಬಳ್ಳಿ ಸರ್ ಹೇಳಿದ್ದೇ ನಿಜ! 2-3ರ ಕಾಯಿಲ್ ವೈರ್, ವಾಲ್ವ್ ಕವರ್ ಪಕ್ಕ ಬಗ್ಗುವ ಕಡೆ, ಪಕ್ಕದ ವೈರಿಗೆ ತಾಗುತ್ತಿದೆ. ಅಲುಗಾಡಿಸಿದಾಗೆಲ್ಲ ಬೀಪ್. ಇಷ್ಟು ದಿನ ಇಸಿಯು ಸುಡದೆ ಉಳಿದದ್ದೇ ಪುಣ್ಯ. ಗಾಡಿ ನಿಲ್ಲಿಸಿದ್ದೇನೆ.

ಈಗ ವೈರಿಂಗ್ ಏನು ಮಾಡಲಿ? ಹೊಸದರ ಬೆಲೆ ಕೇಳಿದೆ, ನನ್ನ ಕೈಗೆ ಎಟುಕಲ್ಲ. ಮತ್ತೆ ತೋಟದ ಗಾಡಿಯ ಮುಂದಿನ ಸ್ಪ್ರಿಂಗ್ ಚೆನ್ನಾಗಿವೆ, ನಾಳೆ ಶಾಕ್ ಅಬ್ಸಾರ್ಬರ್ ಬಿಚ್ಚಿ ಅವನ್ನೂ ತೆಗೆಯೋಣ ಅಂತಿದ್ದೇನೆ.

ಶಾರ್ಜಾ_ಕನ್ನಡಿಗ:

ತಮ್ಮಾ, ನಾಳೆ ಸ್ಪ್ರಿಂಗಿಗೆ ಕೈ ಹಾಕಬೇಡ. ಇದಕ್ಕೇ ಅಂತ ಲಾಗಿನ್ ಆಗಿ ಬರೆಯುತ್ತಿದ್ದೇನೆ.

ಡಬ್ಲ್ಯು124ರ ಮುಂಭಾಗದಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತ ಇಲ್ಲ. ಬೇರೆಯಾಗಿ, ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಮತ್ತು ಬಾಡಿಯ ನಡುವೆ ಒತ್ತಿಕೊಂಡು ಕೂತಿದೆ. ಅದನ್ನು ಹಿಡಿದಿಟ್ಟಿರುವುದರಲ್ಲಿ ಶಾಕ್ ಅಬ್ಸಾರ್ಬರಿನ ಪಾಲೂ ಇದೆ. ಅದನ್ನು ಬಿಚ್ಚಿದ ಗಳಿಗೆಗೆ ಆರ್ಮ್ ಕೆಳಗೆ ಬಿದ್ದು ಸ್ಪ್ರಿಂಗ್ ಗುಂಡಿನ ಹಾಗೆ ಹಾರಬಹುದು. ಪ್ರಾಣಕ್ಕೆ ಅಪಾಯ. ಹೊರಗಿನಿಂದ ಕೊಕ್ಕೆ ಹಾಕುವ ಮಾಮೂಲಿ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಪಕರಣ) ಇದಕ್ಕೆ ಆಗಲ್ಲ. ಸ್ಪ್ರಿಂಗಿನ ಒಳಗೆ ಹೋಗಿ ಎರಡು ತಟ್ಟೆಗಳಿಂದ ಹಿಡಿಯುವ ಕಂಪ್ರೆಸರ್ ಬೇಕು. ಅದು ಇರುವ ಗ್ಯಾರೇಜಿನವರಿಂದಲೇ ಮಾಡಿಸು, ಇಲ್ಲಾಂದ್ರೆ ಬಿಟ್ಟುಬಿಡು.

ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರದ್ದೂ ಅಷ್ಟೇ ಜಾಗ್ರತೆ. ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾದು ಆಮೇಲೆ ಬಿಚ್ಚು. ಮುಖ ಮೇಲಾಗಿ ಇಡು. ಹಳೆ ಏರ್‌ಬ್ಯಾಗನ್ನು ನಿನ್ನ ಗಾಡಿಗೆ ಹಾಕಬೇಡ. ಗುದ್ದಿದ ಗಾಡಿಯ ಸೀಟ್ ಬೆಲ್ಟ್ ಬೇಡ. ಬ್ರೇಕ್ ಹೋಸ್, ಪೆಟ್ರೋಲ್ ಹೋಸ್, ಟೈರ್ ಎಲ್ಲ 9 ವರ್ಷ ನಿಂತವು, ಅವೂ ಬೇಡ.

ಇಲ್ಲಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಗಾಡಿಗಳ ಸಾಮಾನಿನ ಅಂಗಡಿಗಳು ಸಾಲುಸಾಲಾಗಿ ಇವೆ. ಅಲ್ಲಿ ನಾನು ಕಲಿತ ಒಂದು ವಿಷಯ, ಕಣ್ಣಳತೆ ನಂಬಬಾರದು, ಪಾರ್ಟ್ ನಂಬರ್ ನೋಡಬೇಕು. ಎ ಅಕ್ಷರದ ನಂತರ 10 ಅಂಕಿ ಇರುತ್ತವೆ. ಮೊದಲ 3 ಅಂಕಿ ಸಾಮಾನ್ಯವಾಗಿ ಯಾವ ಮಾಡೆಲ್ ಅಥವಾ ಎಂಜಿನ್‌ಗೆ ಅಂತ ಮಾಡಿದ್ದು ಅನ್ನೋದನ್ನು ಹೇಳುತ್ತವೆ. 124 ಅಂದರೆ ಇದೇ ಬಾಡಿ, 111 ಅಂದರೆ ನಿನ್ನ ಎಂಜಿನ್. ಬೇರೆ ಕಡೆಯಿಂದ ಬಾನೆಟ್, ಗ್ರಿಲ್ ತರಿಸುವುದಾದರೆ ನೆನಪಿಡು, 1993ರಲ್ಲಿ ಮುಂಭಾಗ ಬದಲಾಯಿತು. ಅದಕ್ಕೆ ಹಿಂದಿನ ಗಾಡಿಯದ್ದು ನಿನ್ನದಕ್ಕೆ ಕೂರಲ್ಲ.

ಸ್ಪ್ಯಾನರ್_ಹುಬ್ಬಳ್ಳಿ:

ಶಾರ್ಜಾ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ವೈರಿಂಗಿಗೆ ಉಪಾಯ ಇದೆ ಸರ್. ಆ ಹಳೆ ವೈರಿಂಗನ್ನು ಬಿಸಾಡಬೇಡಿ. ಹಾಕೋದಕ್ಕೆ ಬಾರದಿದ್ದರೂ ಅಳತೆಗೆ ಬರುತ್ತದೆ. ಒಂದು ದೊಡ್ಡ ಪ್ಲೈವುಡ್ ಹಲಗೆ ತಗೊಳ್ಳಿ. ವೈರಿಂಗನ್ನು ಅದರ ಮೇಲೆ, ಎಂಜಿನ್ ಮೇಲೆ ಹೇಗಿತ್ತೋ ಹಾಗೇ ಹರಡಿ, ಬಗ್ಗುವ ಕಡೆಯೆಲ್ಲ ಮೊಳೆ ಹೊಡೆಯಿರಿ. ಪ್ರತಿ ಕವಲಿನ ಪಕ್ಕ ಹಲಗೆ ಮೇಲೇ ಬರೆಯಿರಿ. ಇದು ಯಾವ ಸೆನ್ಸರಿನದು, ಇಸಿಯು ಪ್ಲಗ್‌ನ ಎಷ್ಟನೇ ಪಿನ್ನು. ಆಮೇಲೆ ಒಂದು ವೈರ್ ಕತ್ತರಿಸಿ, ಅದೇ ಉದ್ದದ, ಅದೇ ದಪ್ಪದ ಹೊಸ ವೈರ್ ಹಾಕಿ. ಅದು ಮುಗಿದ ಮೇಲೇ ಎರಡನೆಯದು. ಎಲ್ಲ ಒಟ್ಟಿಗೆ ಕತ್ತರಿಸಿದರೆ ಕೆಟ್ಟಿತು.

ಪ್ಲಗ್‌ಗಳು ಮಾತ್ರ ಹಳೆಯವೇ ಸಾಕು, ಅವು ಗಟ್ಟಿಯಾಗಿವೆ. ಒಳಗಿನ ಪಿನ್ ಹೊರತೆಗೆದು, ಹೊಸ ಪಿನ್ ಕ್ರಿಂಪ್ ಮಾಡಿ (ಇಕ್ಕಳದಿಂದ ವೈರಿಗೆ ಒತ್ತಿ) ಕೂರಿಸಿ. ಮನೆ ವೈರಿಂಗಿನ ಪಿವಿಸಿ ವೈರ್ ತರಬೇಡಿ, ಅದು 70 ಡಿಗ್ರಿ ಬಿಸಿಯವರೆಗೆ ಮಾತ್ರ ತಡೆಯುತ್ತದೆ. ಟೆಫ್ಲಾನ್ ಅಥವಾ ಸಿಲಿಕೋನ್ ಹೊದಿಕೆಯ ವೈರ್ ತನ್ನಿ. ಸಿಲಿಕೋನ್ ಮೆತ್ತಗಿರುತ್ತದೆ, ಚೂಪಾದ ಅಂಚಿಗೆ ತಾಗಿದರೆ ಕುಯ್ಯುತ್ತದೆ, ಅದಕ್ಕೆ ಮೇಲೊಂದು ಬಟ್ಟೆಯ ಸ್ಲೀವ್ ಬೇಕು. ಕ್ರ್ಯಾಂಕ್ ಸೆನ್ಸರ್ ಮತ್ತು ನಾಕ್ ಸೆನ್ಸರ್ ವೈರ್‌ಗಳ ಸುತ್ತ ಜಾಲರಿ ಇರುತ್ತದೆ. ಅಲ್ಲಿ ಜಾಲರಿ ಇರುವ ವೈರೇ ಹಾಕಬೇಕು, ಇಲ್ಲಾಂದ್ರೆ ಸಿಗ್ನಲ್ ಕೆಡುತ್ತದೆ.

ಎಲ್ಲ ಆದ ಮೇಲೆ ಪಿನ್‌ನಿಂದ ಪಿನ್‌ಗೆ ಮೀಟರ್ ಹಿಡಿದು, ಎರಡೆರಡು ಸಲ ನೋಡಿ, ಆಮೇಲೆ ಗಾಡಿಗೆ ಹಾಕಿ.

ಕರಾವಳಿ_ಬೆಂಝ್:

ಒಂದು ವಿಷಯ ಯಾರೂ ಹೇಳಲಿಲ್ಲ. ಆರ್‌ಸಿ ಯಾರ ಹೆಸರಿನಲ್ಲಿದೆ? ಗಾಡಿ ಮತ್ತೆ ರಸ್ತೆಗೆ ಬರದ ಹಾಗಾದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾಲೀಕರು 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಮಾರಿದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಚಾಸಿ ನಂಬರಿನ ಭಾಗವನ್ನು ಮುಟ್ಟಬೇಡಿ. ಉಳಿದ ಬಾಡಿಯನ್ನು ಗುಜರಿಗೆ ಕೊಡುವ ಬದಲು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಪಡೆಯಿರಿ. ಮುಂದೆ ಆ ನಂಬರಿನಲ್ಲಿ ಯಾರಾದರೂ ಏನಾದರೂ ಮಾಡಿದರೆ ನಿಮ್ಮ ತಲೆಗೆ ಬರಬಾರದು.

ಮತ್ತೆ, ಕೂಲೆಂಟನ್ನು ತೋಟದಲ್ಲಿ ಚೆಲ್ಲಬೇಡಿ. ರುಚಿ ಸಿಹಿ, ನಾಯಿ ಕುಡಿದರೆ ಸಾಯುತ್ತದೆ. ಕ್ಯಾನಿಗೆ ಹಿಡಿದುಕೊಳ್ಳಿ.

ಮೈಸೂರು_124:

5 ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ.

ವೈರಿಂಗ್ ಮುಗಿಯಿತು. ಹಲಗೆ ಮೇಲೆ 11 ರಾತ್ರಿ ಕೂತೆ. ಚಿಕ್ಕಮ್ಮ ಟಾರ್ಚ್ ಹಿಡಿದು ಪಿನ್ ನಂಬರ್ ಓದುತ್ತಿದ್ದರು. ಹೊಸ ವೈರಿಂಗ್ ಹಾಕಿದ ಮೇಲೆ ತೋಟದ ಗಾಡಿಯ ಆಕ್ಚುಯೇಟರನ್ನೂ ಬಿಚ್ಚಿ ನೋಡಿದೆ, ಅದರೊಳಗೂ ಪುಡಿಯೇ. ಅದಕ್ಕೂ ಹೊಸ ವೈರ್ ಹಾಕಿ ಕೂರಿಸಿದೆ. ನಿನ್ನೆ ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಹೋಗಿ, ಬರುವಾಗ ಬೇಕೆಂದೇ ಟ್ರಾಫಿಕ್ಕಿನಲ್ಲಿ ನಿಲ್ಲಿಸಿದೆ. ಒಂದು ಸಲವೂ ಆಫ್ ಆಗಲಿಲ್ಲ. ಐಡ್ಲಿಂಗ್ ಮುಳ್ಳು ಅಲುಗಾಡದೆ ನಿಂತಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಕೂತಿದ್ದರು. ಏನೂ ಮಾತಾಡಲಿಲ್ಲ, ಡ್ಯಾಶ್‌ಬೋರ್ಡಿನ ಮರದ ಮೇಲೆ ಕೈಯಿಟ್ಟುಕೊಂಡೇ ಇದ್ದರು.

ಸ್ಪ್ರಿಂಗ್ ಮುಟ್ಟಲಿಲ್ಲ. ತೋಟದ ಗಾಡಿಯ ಇಸಿಯು, ವೈಪರ್, ಲಾಕ್ ಪಂಪ್, 3 ಕಿಟಕಿ ಮೋಟಾರ್, ಮರದ ಪಟ್ಟಿ, ಸೀಟ್ ಸ್ವಿಚ್ ಎಲ್ಲ ಹೆಸರು ಬರೆದು ಮಹಡಿಯಲ್ಲಿ ಇಟ್ಟಿದ್ದೇನೆ. ಏರ್ ಫಿಲ್ಟರ್ ಬಾಕ್ಸಿನಲ್ಲಿ ಇಲಿ ಗೂಡು ಇತ್ತು, ತೊಳೆದು ಒಣಗಿಸಿದ್ದೇನೆ. ಆರ್‌ಟಿಒ ಕೆಲಸಕ್ಕೆ ಮಾರಿದವರೇ ಜೊತೆಗೆ ಬಂದರು, ಬಾಡಿ ಶನಿವಾರ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಹೋಯಿತು.

ಮಂಗಳೂರು ಸರ್, ಎಡಗಡೆಯ ಹಿಂದಿನ ಲ್ಯಾಂಪ್ ಮತ್ತು 4 ಬಾಗಿಲ ಹಿಡಿಕೆಗಳು ಒಂದು ಗೀರೂ ಇಲ್ಲದೆ ಇವೆ. ನನ್ನ ಗಾಡಿಯವು ಚೆನ್ನಾಗಿಯೇ ಇವೆ. ನಿಮಗೆ ಬೇಕಾದರೆ ಹೇಳಿ, ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಕರಾವಳಿ_ಬೆಂಝ್:

ಬೇಕು! ಹಿಂದಿನ ಬಲ ಬಾಗಿಲಿನ ಹಿಡಿಕೆ ಒಂದು ಸಾಕು, ಉಳಿದವು ನಿಮ್ಮ ಹತ್ತಿರವೇ ಇರಲಿ. ಲ್ಯಾಂಪನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಬಾಕ್ಸಿನಲ್ಲಿ ನಿಲ್ಲಿಸಿ ಇಡಿ, ಮಲಗಿಸಬೇಡಿ. ನನ್ನ ಹತ್ತಿರ ಎರಡು ಹೊಸ ಸನ್‌ವೈಸರ್ ಕ್ಲಿಪ್ ಇವೆ, ಅದೇ ಬಸ್ಸಿನಲ್ಲಿ ವಾಪಸ್ ಕಳಿಸುತ್ತೇನೆ.