ಮನೆಮಂದಿ ಗ್ರೂಪಿನಲ್ಲಿ ಲೋಳೆ ಜಗಳ

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್) ಬ್ಯಾಕ್ಟೀರಿಯಾಗಳ ಲೋಳೆಕೋಟೆ ಒಡೆಯುವ ಸಹಾಯಕ ಔಷಧ ಬಂತು! ಇನ್ನು ಆ್ಯಂಟಿಬಯೋಟಿಕ್ ಸೋಲುವ ಮಾತೇ ಇಲ್ಲ!! ಎಲ್ಲರಿಗೂ ಕಳಿಸಿ.

ಕಾವ್ಯ: ಚಿಕ್ಕಪ್ಪ, ಲೋಳೆಕೋಟೆ ನಿಜ. ‘ಸೋಲುವ ಮಾತೇ ಇಲ್ಲ’ ಅನ್ನೋ ಸಾಲು ಮಾತ್ರ ಸುಳ್ಳು. ಸಹಾಯಕ ಔಷಧಕ್ಕೂ ಬಗ್ಗದ ಹಾಗೆ ಬ್ಯಾಕ್ಟೀರಿಯಾ ಬದಲಾಗಬಹುದು.

ಶ್ರೀಧರ ಚಿಕ್ಕಪ್ಪ: ಯಾಕಮ್ಮಾ? ಸಹಾಯಕ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದೇ ಇಲ್ಲವಂತೆ. ಸಾಯುವ ಭಯ ಇಲ್ಲದ ಮೇಲೆ ಅದ್ಯಾಕೆ ಬದಲಾಗುತ್ತೆ?

ಕಾವ್ಯ: ಒಂಟಿಯಾಗಿ ಕೊಲ್ಲಲ್ಲ, ಆ್ಯಂಟಿಬಯೋಟಿಕ್ ಜೊತೆ ಜೋಡಿಯಾಗಿ ಕೊಲ್ಲುತ್ತಲ್ವಾ? ಸಹಾಯಕನಿಂದ ತಪ್ಪಿಸಿಕೊಂಡದ್ದೇ ಬದುಕುತ್ತೆ. ಆಗ್ಮೆಂಟಿನ್ ನೋಡಿ, ಅದೂ ಇಂಥದೇ ಜೋಡಿ ಔಷಧ. 1981ರಲ್ಲಿ ಬ್ರಿಟನ್ನಿನಲ್ಲಿ ಬಂತು. ಅದರಲ್ಲಿ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್ ಹೊಡೆಯುತ್ತೆ. ಅದನ್ನು ಕತ್ತರಿಸುವ ಬ್ಯಾಕ್ಟೀರಿಯಾದ ಕಿಣ್ವವನ್ನು ಸಹಾಯಕ ಕ್ಲಾವುಲಾನಿಕ್ ಆ್ಯಸಿಡ್ ಕಟ್ಟಿಹಾಕುತ್ತೆ. ಆಮೇಲೆ ಕೆಲವು ಇ. ಕೋಲಿ ಬ್ಯಾಕ್ಟೀರಿಯಾ ಆ ಕಿಣ್ವವನ್ನೇ ರಾಶಿ ರಾಶಿ ಮಾಡಿದವು. ಇನ್ನು ಕೆಲವು, ಕ್ಲಾವುಲಾನಿಕ್ ಅಂಟದ ಹಾಗೆ ಕಿಣ್ವದ ರೂಪವನ್ನೇ ತಿದ್ದಿಕೊಂಡವು.

ಸುಮಿತ್ರ ಅತ್ತೆ: ಲೋಳೆ ಅಂದ್ರೆ ಯಾವ್ದೇ ಕಾವ್ಯ?

ಕಾವ್ಯ: ಸಿಂಕಿನ ಜಾಲರಿ ಎತ್ತಿ, ಅಡಿಯಲ್ಲಿ ಬೆರಳಾಡಿಸಿ ಅತ್ತೆ. ಜಾರುತ್ತಲ್ಲ, ಅದೇ. ಬೆಳಿಗ್ಗೆ ಹಲ್ಲಿನ ಮೇಲಿರೋದೂ ಅದೇ ಜಾತಿ.

ರಘು: ತಾತನ ಮೂತ್ರದ ಪೈಪಿನಲ್ಲಿ ಕಟ್ಟಿಕೊಂಡಿದ್ದೂ ಇದೇನಾ? ಅಷ್ಟು ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಪೈಪ್ ಬದಲಿಸಿದ ಮೇಲೆ ಇಳಿಯಿತು.

ಕಾವ್ಯ: ಇರಬಹುದು ರಘು. ಲೋಳೆಯ ಆಳದಲ್ಲಿರೋವು ಅರೆನಿದ್ದೆಯಲ್ಲಿರುತ್ತವೆ. ಬೆಳೆಯುವಾಗ ಹೊಡೆಯುವ ಔಷಧಕ್ಕೆ ಅವು ಸಿಗೋದೇ ಕಷ್ಟ.

ಶ್ರೀಧರ ಚಿಕ್ಕಪ್ಪ: ಹಾಗಾದರೆ ಈ ಸಂಶೋಧನೆಯೆಲ್ಲ ದಂಡ ಅನ್ನು!

ಕಾವ್ಯ: ಹಾಗೆಲ್ಲಿ ಅಂದೆ? ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದವರು 2020ರಲ್ಲಿ ಚಂದದ ಕೆಲಸ ಪ್ರಕಟಿಸಿದರು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಲೋಳೆ ಮಾಡುವುದನ್ನೇ ತಡೆದರು. ಈ ತಡೆಗೆ ಬಗ್ಗದೆ ಲೋಳೆ ಮಾಡುವ ತಳಿಯನ್ನು ಉಳಿದವುಗಳ ಜೊತೆ ಬೆರೆಸಿದರೆ, ಅದೇ ಹಿಂದೆ ಬಿತ್ತು! ಚಪ್ಪರ ಹಾಕಿದವನದು ಖರ್ಚು, ನೆರಳು ಬೀದಿಗೆಲ್ಲ. ಲೋಳೆಯದೂ ಅದೇ ಕಥೆ.

ಶ್ರೀಧರ ಚಿಕ್ಕಪ್ಪ: ನೋಡು, ನಾನು ಹೇಳಿದ್ದೇ ಆಯ್ತು!

ಕಾವ್ಯ: ಅಯ್ಯೋ, ಅದು ಲ್ಯಾಬಿನಲ್ಲಿ, ಒಂದು ಬ್ಯಾಕ್ಟೀರಿಯಾದ ಮೇಲೆ. ನೆರಳು ಹಂಚಿಹೋದರೆ ಮಾತ್ರ ಆ ಲೆಕ್ಕ. ಮಾಡಿದವನಿಗೇ ಜಾಸ್ತಿ ಸಿಕ್ಕಿದರೆ ಅವನೇ ಗೆಲ್ಲುತ್ತಾನೆ. ಆಗ್ಮೆಂಟಿನ್‌ಗೆ ಆಗಿದ್ದೂ ಹೆಚ್ಚುಕಮ್ಮಿ ಅದೇ.

ರಘು: ಅಂದರೆ ಸಹಾಯಕ ಔಷಧ ಏನನ್ನು ತಡೆಯುತ್ತೆ ಅನ್ನೋದೇ ಮುಖ್ಯ?

ಕಾವ್ಯ: ಹೂಂ, ಇಷ್ಟು ಹೊತ್ತು ಅದನ್ನೇ ಬಡಕೊಳ್ತಾ ಇದ್ದೆ.

ಶ್ರೀಧರ ಚಿಕ್ಕಪ್ಪ: ಸರಿ, ಆ ಸಾಲು ತೆಗೆದು ಮತ್ತೆ ಕಳಿಸ್ತೀನಿ. ಲೋಳೆಕೋಟೆ ಇರಲಿ, ಚೆನ್ನಾಗಿದೆ.

ಸುಮಿತ್ರ ಅತ್ತೆ: ಜಾಲರಿ ಎತ್ತಿದೆ. ಥೂ! ಸಿಂಕಿಗೆ ಬಿಸಿನೀರು ಕಾಯ್ತಿದೆ, ಕಾಫಿ ಯಾರೂ ಕೇಳಬೇಡಿ.