ಫ್ಲ್ಯಾಷ್‌ಗೆ ಮಾಮೂಲಿ ಕಳ್ಳ ಗುರಿ ಇಡೋದು ಹೇಗೆ?

ಕ್ಯಾತ್ಸಂದ್ರ ವೈಂಡಿಂಗ್:
ನನ್ನದು ತುಮಕೂರು ಕ್ಯಾತ್ಸಂದ್ರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ರಾತ್ರಿ ಶಟರ್ ಎಳೆದು ಮನೆಗೆ ಹೋದರೆ ಅಕ್ಕನ ಮಗ ಟಿವಿ ಮುಂದೆ ಕೂತಿರುತ್ತಾನೆ. ಅವನ ಜೊತೆ 'ದಿ ಫ್ಲ್ಯಾಷ್' ಅನ್ನೋ ಅಮೆರಿಕನ್ ಸೀರಿಯಲ್ ನೋಡಿ ನೋಡಿ ನನಗೂ ಅದರ ಹುಚ್ಚು ಹಿಡಿದಿದೆ. ಆದರೆ ಒಂದು ವಿಷಯ ತಲೆ ತಿನ್ನುತ್ತಿದೆ.

ಸಿಡಿಲು ಬಡಿದು ಹೀರೋ ಬ್ಯಾರಿಗೆ, ಅಂದರೆ ಫ್ಲ್ಯಾಷ್‌ಗೆ, ವಿಪರೀತ ವೇಗವಾಗಿ ಓಡುವ ಶಕ್ತಿ ಬಂತು. ಸರಿ, ಒಪ್ಪಿದೆ. ಸಿಡಿಲು ಬಡಿದ ಮೋಟಾರುಗಳು ನನ್ನ ಅಂಗಡಿಗೂ ಬರುತ್ತವೆ, ಯಾವುದೂ ಮೊದಲಿಗಿಂತ ಜೋರಾಗಿ ತಿರುಗಿದ್ದು ನಾನು ನೋಡಿಲ್ಲ. ಇರಲಿ, ಕಥೆ ಶುರುವಾಗೋಕೆ ಒಂದು ಸುಳ್ಳು ಬೇಕೇ ಬೇಕು.

ಮೊದಲ ಸೀಸನ್‌ನಲ್ಲೇ ಅವನು ಶಬ್ದಕ್ಕಿಂತ ವೇಗವಾಗಿ ಓಡಿಬಂದು ಉಕ್ಕಿನ ಮೈಯವನಿಗೆ ಗುದ್ದುತ್ತಾನೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಮ್ಮಂಥವರಿಗೆ ಏನೋ ಕಣ್ಣಿಗೆ ಬಿದ್ದು ಬೆರಳು ಅಲ್ಲಾಡೋಕೆ ಹೆಚ್ಚುಕಡಿಮೆ 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಬ್ಯಾರಿ 68 ಮೀಟರ್ ದಾಟಿರುತ್ತಾನೆ. ಹಾಗಿದ್ದಮೇಲೆ ಕ್ಯಾಪ್ಟನ್ ಕೋಲ್ಡ್ ಅನ್ನೋ ಕಳ್ಳ ಅವನಿಗೆ ಗುರಿ ಇಡೋದು ಹೇಗೆ? ಆತನಿಗೆ ಯಾವ ಶಕ್ತಿಯೂ ಇಲ್ಲ, ಕೈಯಲ್ಲಿ ಒಂದು ಗನ್ ಅಷ್ಟೇ. ಗನ್ ಕಿತ್ತುಕೊಂಡು, ಆಸಾಮಿಯನ್ನು ಸ್ಟೇಷನ್‌ನಲ್ಲಿ ಕೂರಿಸಿ, ಬ್ಯಾರಿ ವಾಪಸ್ ಬಂದು ಕಾಫಿ ಕುಡಿಯಬಹುದು. ಅದು ಬಿಟ್ಟು ಎದುರು ನಿಂತು ಮಾತಾಡುತ್ತಾನೆ!

ಇನ್ನೊಂದು. ಎರಡನೇ ಎಪಿಸೋಡ್‌ನಲ್ಲಿ ಅವನು ತಲೆ ಸುತ್ತಿ ಬೀಳುತ್ತಾನೆ. ಅಷ್ಟು ಓಡುವವನಿಗೆ ಊಟ ಸಾಲುತ್ತಿಲ್ಲವಂತೆ, 850 ಟ್ಯಾಕೋ (ಮೆಕ್ಸಿಕೋದ ರೊಟ್ಟಿ ತಿಂಡಿ) ಬೇಕಂತೆ. ನನಗೆ ಇದು ಬಹಳ ಹಿಡಿಸಿತು. ಶಕ್ತಿ ಎಲ್ಲಿಂದಲೋ ಬರಬೇಕಲ್ವಾ? ಆದರೆ ಮುಂದಿನ ಸೀಸನ್‌ಗಳಲ್ಲಿ ಆ ಮಾತು ಬರೋದೇ ಅಪರೂಪ. ಬರೆಯುವವರು ಮರೆತರಾ, ಬೇಕಂತಲೇ ಬಿಟ್ಟರಾ?

ಗುಬ್ಬಿ ಮೇಷ್ಟ್ರು:
ಎಲ್ಲವನ್ನೂ ತಪ್ಪು ಅನ್ನಬೇಡಿ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಬಂದಾಗ ಕನ್ನಡಕದ ಗಂಗಾಧರನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ನಮಗೇನೂ ಬೇಜಾರಾಗಲಿಲ್ಲ. ನಾವು ನಾಟಕದ ಊರಿನವರು. ಶಿವ ಬೇಡನ ವೇಷ ಹಾಕಿ ಬಂದರೆ ಅರ್ಜುನನೊಬ್ಬನಿಗೆ ಗೊತ್ತಾಗಲ್ಲ, ಮುಂದೆ ಕೂತ ಸಣ್ಣ ಮಗುವಿಗೂ ಗೊತ್ತಿರುತ್ತದೆ. ಅದು ನೋಡುವವರೂ ಆಡುವವರೂ ಮಾಡಿಕೊಂಡ ಒಪ್ಪಂದ.

ನೀವು ಹೇಳಿದ ಊಟದ ವಿಷಯ ಬೇರೆ. ಅಲ್ಲಿ ಕಥೆಯೇ ಷರತ್ತು ಹಾಕಿ, ಕಥೆಯೇ ಕೈ ಎತ್ತಿದೆ. ಹಿರಣ್ಯಕಶಿಪುವಿನ ವರ ನೆನಪಿಸಿಕೊಳ್ಳಿ. ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ. ನರಸಿಂಹ ಬಂದು ವರ ಗಿರ ಏನೂ ನೋಡದೆ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕೊಂದಿದ್ದರೆ ಆ ಕಥೆಯನ್ನು ಯಾರು ಕೇಳುತ್ತಿದ್ದರು? ಮುಸ್ಸಂಜೆ, ಹೊಸ್ತಿಲು, ಉಗುರು. ಒಂದೊಂದು ಷರತ್ತಿಗೂ ಲೆಕ್ಕ ಒಪ್ಪಿಸಿಯೇ ಕೊಂದ.

ಬಂಗಾರಪೇಟೆ ಪ್ಯಾಸೆಂಜರ್:
ಬರೆಯುವವರನ್ನು ಸುಮ್ನೆ ಬೈಯಬೇಡಿ ಅಣ್ಣ. ಫ್ಲ್ಯಾಷ್ ಮೊದಲ ಸೀಸನ್‌ನಲ್ಲಿ 23 ಎಪಿಸೋಡ್. 2014ರಿಂದ 2023ರವರೆಗೆ ಒಂಬತ್ತು ಸೀಸನ್, ಒಟ್ಟು 184. ಬ್ಯಾರಿ ಒಂದೇ ಸೆಕೆಂಡಲ್ಲಿ ಕೆಲಸ ಮುಗಿಸಿದರೆ ಉಳಿದ ನಲವತ್ತು ನಿಮಿಷ ಏನು ತೋರಿಸೋದು?

'ಹೀರೋಸ್' ಅನ್ನೋ ಇನ್ನೊಂದು ಅಮೆರಿಕನ್ ಸೀರಿಯಲ್ ಕಥೆ ಇನ್ನೂ ಕಷ್ಟದ್ದು. ಅದರ ಹೀರೋ ಪೀಟರ್ ಹತ್ತಿರ ಬಂದವರ ಶಕ್ತಿಯೆಲ್ಲ ಅವನಿಗೂ ಬರುತ್ತದೆ. ಅಂಥವನಿಗೆ ಯಾವ ವಿಲನ್ ಸಾಕಾಗುತ್ತಾನೆ? ಕೊನೆಗೆ ಮೂರನೇ ಸೀಸನ್‌ನಲ್ಲಿ ಒಂದು ಸಲಕ್ಕೆ ಒಂದೇ ಶಕ್ತಿ ಅಂತ ರೆಕ್ಕೆ ಕತ್ತರಿಸಿದರು. ಅದಕ್ಕೂ ಮುಂಚೆ, ಎರಡನೇ ಸೀಸನ್ ನಡೆಯುವಾಗ, 2007ರ ನವೆಂಬರ್‌ನಲ್ಲಿ ಅಮೆರಿಕದ ಚಿತ್ರಕಥೆಗಾರರ ಮುಷ್ಕರ ಶುರುವಾಯಿತು. ಸೀಸನ್ 11 ಎಪಿಸೋಡಿಗೇ ನಿಂತಿತು. ಪೀಟರ್ ಜೊತೆ ಭವಿಷ್ಯಕ್ಕೆ ಹೋದ ಕೈಟ್ಲಿನ್ ಅಲ್ಲೇ ಉಳಿದಳು, ಅವಳು ಏನಾದಳು ಅಂತ ಸೀರಿಯಲ್ ಆಮೇಲೆ ಹೇಳಲೇ ಇಲ್ಲ. ಅದು ಯಾರ ತಪ್ಪು ಹೇಳಿ?

ಕ್ಯಾತ್ಸಂದ್ರ ವೈಂಡಿಂಗ್:
ಮುಷ್ಕರದ್ದು ಒಪ್ಪಿದೆ. ಪಾಪ, ಆ ಹುಡುಗಿ. ಆದರೆ 23 ಎಪಿಸೋಡ್ ಅನ್ನೋದು ನೆಪ ಕಣ್ರೀ. ಬೇಸಿಗೆಯಲ್ಲಿ ನನ್ನ ಅಂಗಡಿ ಮುಂದೆ ಬೋರ್‌ವೆಲ್ ಮೋಟಾರ್ ಸಾಲಾಗಿ ಬಿದ್ದಿರುತ್ತವೆ. ಅರ್ಜೆಂಟು ಅಂತ ನಾಲ್ಕು ಸುತ್ತು ಕಮ್ಮಿ ಸುತ್ತಿ ಕೊಟ್ಟರೆ ರೈತ ಸುಮ್ಮನಿರುತ್ತಾನಾ?

ಕ್ಯಾಪ್ಟನ್ ಕೋಲ್ಡ್ ಗೆಲ್ಲಲಿ, ನನ್ನ ತಕರಾರಿಲ್ಲ. ಬ್ಯಾರಿ ಬೆಳಗ್ಗೆಯಿಂದ ಊಟ ಮಾಡಿಲ್ಲ ಅಂತ ಒಂದು ಸೀನ್ ತೋರಿಸಿ, ಆಮೇಲೆ ಹೊಡೆಸಿ. ದಾರಿ ಅವರ ಕೈಯಲ್ಲೇ ಇತ್ತು.

ಮೇಷ್ಟ್ರೇ, ನರಸಿಂಹನ ಮಾತು ಸರಿಯಾಗಿದೆ. ನಾಳೆ ನಮ್ಮ ಹುಡುಗನಿಗೆ ಹೇಳುತ್ತೇನೆ.

ನಂದಿ ತಪ್ಪಲು:
ಚಿಕ್ಕಬಳ್ಳಾಪುರದಿಂದ ನಮಸ್ಕಾರ. ಬರೆಯುವವರು ಮನಸ್ಸು ಮಾಡಿದರೆ ಆಗುತ್ತೆ ಅನ್ನೋಕೆ 'ಡಾಕ್ಟರ್ ಹೂ' ಅನ್ನೋ ಬ್ರಿಟಿಷ್ ಸೀರಿಯಲ್ ಇದೆ. 1968ರಲ್ಲಿ ಅದರ ಹೀರೋ ಡಾಕ್ಟರ್ ಕೈಗೆ ಸೋನಿಕ್ ಸ್ಕ್ರೂಡ್ರೈವರ್ ಅನ್ನೋ ಶಬ್ದದಿಂದ ಕೆಲಸ ಮಾಡುವ ಉಪಕರಣ ಬಂತು. ಬರಬರುತ್ತಾ ಯಾವ ಬೀಗ ಹಾಕಿದರೂ ಅದು ತೆಗೆಯುತ್ತೆ ಅನ್ನೋ ಹಾಗಾಯಿತು. ಬರೆಯುವವರಿಗೆ ಇದು ಸುಲಭದ ದಾರಿಯಾಯಿತು ಅಂತ 1982ರಲ್ಲಿ ಕಥೆಯೊಳಗೇ ಅದನ್ನು ಸುಟ್ಟುಹಾಕಿದರು. 2005ರ ಹೊಸ ಸರಣಿಯಲ್ಲಿ ಮತ್ತೆ ಇದೆ, ನನ್ನ ಪ್ರಕಾರ ಮತ್ತೆ ಅತಿಯಾಗಿದೆ. ಮರದ ಮೇಲೆ ಅದರ ಆಟ ನಡೆಯಲ್ಲ ಅನ್ನೋದೊಂದೇ ಸಮಾಧಾನ.

ಅಣ್ಣ, ನೀವು 'ದಿ ಎಕ್ಸ್‌ಪ್ಯಾನ್ಸ್' ಅನ್ನೋ ಸೀರಿಯಲ್ ನೋಡಿ, ಹುಡುಗನಿಗೆ ಬೇಡ. ಅಲ್ಲಿ ಬಾಹ್ಯಾಕಾಶದ ಹಡಗಿನ ಎಂಜಿನ್ ನಿಂತರೆ ಮನುಷ್ಯರು ತೇಲುತ್ತಾರೆ. ಅರ್ಧ ದಾರಿಯಲ್ಲಿ ಹಡಗು ತಿರುಗಿಸಿ ಹಿಂದುಮುಂದಾಗಿ ಎಂಜಿನ್ ಉರಿಸಿದರೆ ಮಾತ್ರ ವೇಗ ತಗ್ಗುತ್ತದೆ. ಗ್ರಹದಿಂದ ಗ್ರಹಕ್ಕೆ ಕಳಿಸಿದ ಮಾತು ತಡವಾಗಿಯೇ ಮುಟ್ಟುತ್ತದೆ. ಜಗಳ ಆಡಬೇಕು ಅಂದರೂ ಕಾಯಬೇಕು!

ಕ್ಯಾತ್ಸಂದ್ರ ವೈಂಡಿಂಗ್:
ಮೇಡಂ, ಅಷ್ಟು ಹೊತ್ತು ಎಂಜಿನ್ ಉರಿಸೋಕೆ ಇಂಧನ ಎಲ್ಲಿಂದ ತರುತ್ತಾರೆ?

ನಂದಿ ತಪ್ಪಲು:
ಅದೇ ಅವರ ಸುಳ್ಳು. ಕಥೆಗೆಂದೇ ಕಟ್ಟಿದ ಎಂಜಿನ್, ಎಪ್‌ಸ್ಟೈನ್ ಡ್ರೈವ್ ಅಂತ ಹೆಸರು. ಮೊದಲು ನೋಡಿ, ಆಮೇಲೆ ಬೈಯಿರಿ.