ಕಂಪ್ಯೂಟರ್ ಆನ್ ಆಗತೈತಿ, ವಿಂಡೋಸ್ ಬರವಲ್ದು. ಫಾರ್ಮ್ಯಾಟ್ ಮಾಡಿಸ್ಲೇಬೇಕೇನ್ರಿ?

ಧಾರವಾಡ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ 2012ರಾಗ ಅಸೆಂಬಲ್ ಮಾಡ್ಸಿದ ಡೆಸ್ಕ್‌ಟಾಪ್ ಐತಿ, ವಿಂಡೋಸ್ 7. ಯುಗಾದಿಗೆ ಊರಿಗೆ ಹೋದಾಗ ಎಂಟ್ ದಿನ ಗ್ವಾಡಿ ಸ್ವಿಚ್ ಬಂದ್ ಮಾಡಿಟ್ಟಿದ್ವಿ. ಬಂದು ಹಚ್ಚಿದ್ರ ಕಪ್ಪು ಸ್ಕ್ರೀನ್‌ನ್ಯಾಗ ಏನೋ ಇಂಗ್ಲೀಷ್ ಬಂದು ಎಫ್1 ಒತ್ತು ಅಂತೈತಿ, ಒತ್ತಿದ್ರ ವಿಂಡೋಸ್ ಗುರ್ತು ಬರತೈತಿ, ಅಷ್ಟ್ರಾಗ ನೀಲಿ ಪರದೆ ಫಕ್ನ ಬಂದು ಹೋಗಿ ಮತ್ತ ಮೊದಲಿಂದ ಶುರು. ಅಂಗಡ್ಯಾವ್ರು ಹಾರ್ಡ್ ಡಿಸ್ಕ್ ಹೋಗೇತಿ, ಹೊಸಾದು ಹಾಕಬೇಕು, ಇಲ್ಲಾಂದ್ರ ಇದನ್ನ ಫಾರ್ಮ್ಯಾಟ್ ಹೊಡದು ನೋಡ್ತೀವಿ ಅಂತಾರ. ಅದ್ರಾಗ ನಮ್ಮ ಅಪ್ಪಾರು ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನ್ಯಾಗ ಟೈಪ್ ಮಾಡಿಟ್ಟ ಲೇಖನ ಅದಾವ. ಅವರು ಈಗಿಲ್ಲ. ನಾ ಅವರ ಮಗಳು, ನನಗ ಇದ್ರಾಗ ಏನೂ ತಿಳಿಯಾಂಗಿಲ್ಲ, ಬ್ಯಾರೆ ಕಾಪಿ ಎಲ್ಲೂ ಇಲ್ರಿ. ಯಾರಿಗರ ಹಿಂಗ ಆಗಿದ್ರ ಹೇಳ್ರಿ.

ತೀರ್ಥಹಳ್ಳಿ:
ಮೇಡಂ ನಮ್ಮನೇದು ಪ್ರತೀ ಮಳೆಗಾಲ ಕೈ ಕೊಡತ್ತೆ, ಫ್ಯಾನ್ ತಿರುಗತ್ತೆ ಆದ್ರೆ ಸ್ಕ್ರೀನಲ್ಲಿ ಏನೂ ಬರಲ್ಲ, ಬೀಪ್ ಬೀಪ್ ಅಂತಿರತ್ತೆ. ಥಂಡಿಗೆ ಒಳಗಿನ ಮೆಮೊರಿ ಪಟ್ಟಿ, ಅಂದ್ರೆ ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಕಿಲುಬು ಕೂರತ್ತೆ. ಕರೆಂಟ್ ವೈರ್ ಕಿತ್ತು, ರ‍್ಯಾಮ್ ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಲ್ಲಿ ಆ ಹಲ್ಲುಗಳನ್ನ ಮೆತ್ತಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿ ಕೂರಿಸ್ತೀನಿ. ಹತ್ತು ಸಲದಲ್ಲಿ ಎಂಟು ಸಲ ಇಷ್ಟಕ್ಕೇ ಸರಿಯಾಗಿದೆ. ನೀವೂ ಒಂದ್ಸಲ ಮಾಡಿ ನೋಡಿ.

ಬೆಂಗಳೂರು:
ತೀರ್ಥಹಳ್ಳಿಯವರು ಹೇಳಿದ್ದು ಡಿಸ್ಪ್ಲೇನೇ ಬರದೇ ಇದ್ದಾಗ ಮೊದಲು ಮಾಡಬೇಕಾದ ಕೆಲಸ, ಆದ್ರೆ ಇವರಿಗೆ ಡಿಸ್ಪ್ಲೇ ಬರ್ತಿದೆ, ವಿಂಡೋಸ್ ಲೋಗೋವರೆಗೂ ಹೋಗ್ತಿದೆ, ಹಾಗಾಗಿ ಇದು ರ‍್ಯಾಮ್ ಅಂತ ನಂಗನ್ನಿಸ್ತಿಲ್ಲ.

ಮೇಡಂ, ಕಂಪ್ಯೂಟರ್ ಇನ್ನೂ ಅಂಗಡೀಲೇ ಇದ್ರೆ ದಯವಿಟ್ಟು ಇವತ್ತೇ ಮನೆಗೆ ತಂದ್ಬಿಡಿ, ಫಾರ್ಮ್ಯಾಟ್‌ಗೆ ಒಪ್ಕೋಬೇಡಿ. ನೀವು ಬರ್ದಿರೋದ್ರಲ್ಲಿ ಎರಡು ವಿಷಯ ಎದ್ದು ಕಾಣ್ತಿವೆ, ಎಂಟು ದಿನ ಗೋಡೆ ಸ್ವಿಚ್ ಆಫ್ ಇತ್ತು ಅನ್ನೋದು, ಬಂದ ಮೇಲೆ ಎಫ್1 ಕೇಳ್ತಿದೆ ಅನ್ನೋದು. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದ ಥರ ಸೆಲ್ ಇರತ್ತೆ, ಸಿಆರ್2032 ಅಂತ, 3 ವೋಲ್ಟಿಂದು. ಗಡಿಯಾರ ಮತ್ತೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡೋ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್‌ಗಳನ್ನ ಅದೇ ಹಿಡ್ಕೊಂಡಿರೋದು. ಗೋಡೆ ಸ್ವಿಚ್ ಆನ್ ಇರೋವರೆಗೂ ಕರೆಂಟ್ ಕೊಡೋ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್‌ನಿಂದ ಸ್ವಲ್ಪ ಕರೆಂಟ್ ಸದಾ ಬೋರ್ಡಿಗೆ ಬರ್ತಿರತ್ತೆ, ಹಾಗಾಗಿ ಸೆಲ್ ಸತ್ತಿದ್ರೂ ಗೊತ್ತಾಗಲ್ಲ. ನೀವು ಎಂಟು ದಿನ ಆಫ್ ಮಾಡಿದ್ರಿ ನೋಡಿ, ಎಲ್ಲಾ ಮರ್ತು ಬೋರ್ಡು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗಿದೆ. ಆ ಸೆಟ್ಟಿಂಗಲ್ಲಿ ಸಾಟಾ ಮೋಡ್ ಅಂತ ಒಂದಿದೆ, ಬೋರ್ಡು ಡಿಸ್ಕಿನ ಜೊತೆ ಮಾತಾಡೋ ರೀತಿ ಅದು; ಐಡಿಇ, ಎಎಚ್‌ಸಿಐ ಅಂತ ಬೇರೆ ಬೇರೆ ರೀತಿ ಇರ್ತವೆ. ಆಗಿನ ಕಾಲದ ಸುಮಾರು ಬೋರ್ಡುಗಳಲ್ಲಿ ಅದು ತಾನಾಗೇ ಐಡಿಇ ಅಂತಿರತ್ತೆ, ಅಸೆಂಬಲ್ ಮಾಡಿದವರು ಎಎಚ್‌ಸಿಐ ಮಾಡಿ ವಿಂಡೋಸ್ ಹಾಕಿದ್ರೆ ಈಗ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗಲ್ಲ, ನೀಲಿ ಪರದೆ ಕೊಟ್ಟು ರೀಸ್ಟಾರ್ಟ್ ಆಗತ್ತೆ. ನೋಡೋರಿಗೆ ಡಿಸ್ಕ್ ಹೋದಂಗೇ ಕಾಣತ್ತೆ.

ನಮ್ಮ ಮಾವನ ಮನೇಲಿ ಮೈಸೂರಲ್ಲಿ ಹಿಂಗೇ ಆಗಿತ್ತು. ಅಲ್ಲಿ ಅಂಗಡಿಯವರು ಹೊಸ ಡಿಸ್ಕ್ ಹಾಕಿ, ಹಳೇದರ ಮೇಲೆ ಮಾರ್ಕರಲ್ಲಿ ದೊಡ್ಡದಾಗಿ ಇಂಟು ಗುರುತು ಹಾಕಿ ಕವರಲ್ಲಿ ಕೊಟ್ಟಿದ್ರು. ಒಂದು ವರ್ಷ ಅದು ಬೀರುವಲ್ಲಿತ್ತು. ನಾನು ಹೋದಾಗ ಸುಮ್ನೆ ನೋಡೋಣ ಅಂತ ಜೋಡಿಸಿದ್ರೆ ಮದುವೆ ಫೋಟೋಗಳ ಸಮೇತ ಎಲ್ಲಾ ಹಾಗೇ ಇತ್ತು, ಅತ್ತೆ ಕಣ್ಣೀರು ಹಾಕಿದ್ರು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಫೈಲ್ ಉಳಿಸ್ಕೊಳ್ಳಿ, ರಿಪೇರಿ ಆಮೇಲೆ. ಗೊತ್ತಿರೋ ಹುಡುಗರ ಹತ್ರ 8 ಜಿಬಿ ಪೆನ್ ಡ್ರೈವಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿಸ್ಕೊಳ್ಳಿ, ಅದ್ರಿಂದ ಆನ್ ಮಾಡಿದ್ರೆ ಏನೂ ಇನ್‌ಸ್ಟಾಲ್ ಮಾಡದೇ ಡಿಸ್ಕಿನ ಒಳಗಿರೋ ಫೋಲ್ಡರ್ ಕಾಣ್ತವೆ, ಬೇರೆ ಪೆನ್ ಡ್ರೈವಿಗೆ ಕಾಪಿ ಮಾಡ್ಕೋಬಹುದು. ಡೆಸ್ಕ್‌ಟಾಪಲ್ಲಿ ಇನ್‌ಸ್ಟಾಲ್ ಅಂತ ಒಂದು ಐಕಾನ್ ಇರತ್ತೆ, ಅದನ್ನ ಮುಟ್ಟಲೇಬೇಡಿ. ಸ್ಟಾರ್ಟಪ್ ರಿಪೇರ್, ಚೆಕ್ ಡಿಸ್ಕ್ ಥರದ ವಿಂಡೋಸ್ ರಿಪೇರಿ ಪ್ರೋಗ್ರಾಂ ಯಾವುದನ್ನೂ ಕಾಪಿ ಆಗೋ ಮುಂಚೆ ಓಡಿಸ್ಬೇಡಿ, ನಿಜವಾಗ್ಲೂ ಡಿಸ್ಕ್ ಹಾಳಾಗಿದ್ರೆ ಅದು ಇನ್ನೂ ಕೆಡಿಸತ್ತೆ. ಡಿಸ್ಕಿನ ಹತ್ರ ಕಿವಿ ಇಟ್ಟಾಗ ಟಕ್ ಟಕ್ ಅಂತ ಒಂದೇ ಸಮ ಬರ್ತಿದ್ರೆ ತಕ್ಷಣ ಆಫ್ ಮಾಡಿ, ಆಗ ಇದು ಮನೇಲಿ ಮಾಡೋ ಕೆಲಸ ಅಲ್ಲ, ಡೇಟಾ ರಿಕವರಿಯವರ ಹತ್ರಾನೇ ಹೋಗಬೇಕು.

ಕಾಪಿ ಆಯ್ತಾ, ಈಗ ಗೋಡೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಸೆಲ್ ಬದಲಾಯ್ಸಿ, ಪ್ಲಸ್ ಗುರುತು ಮೇಲಕ್ಕಿರಬೇಕು. ಆಮೇಲೆ ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಇರಿ, ಬಯೋಸ್ ತೆರೆಯತ್ತೆ. ತಾರೀಖು ಸರಿ ಮಾಡಿ, ಸಾಟಾ ಮೋಡ್ ಹುಡುಕಿ, ಐಡಿಇ ಇದ್ರೆ ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಬರ್ಲಿಲ್ಲಾಂದ್ರೆ ವಾಪಸ್ ಐಡಿಇ ಮಾಡಿ, ಇವೆರಡರ ಮಧ್ಯೆ ಬದಲಾಯಿಸಿದ್ರೆ ಫೈಲ್‌ಗಳಿಗೆ ಏನೂ ಆಗಲ್ಲ, ಭಯ ಬೇಡ. ರೇಡ್ ಅಂತ ಇರೋದನ್ನ ಮಾತ್ರ ಬಿಟ್ಬಿಡಿ. ಬದಲಾಯಿಸೋ ಮುಂಚೆ ಪ್ರತೀ ಪುಟದ್ದೂ ಮೊಬೈಲಲ್ಲಿ ಫೋಟೋ ತಗೊಳ್ಳಿ.

ಪುತ್ತೂರು:
ಅಕ್ಕ, ಸೆಲ್ ಹಾಕಿಯೂ ಆಗದಿದ್ದರೆ ಎಸ್‌ಎಂಪಿಎಸ್ ಒಮ್ಮೆ ನೋಡಿಸಿ. ನಮ್ಮಲ್ಲಿ ಮಳೆ ಶುರುವಾಗುವ ಮೊದಲಿನ ಗುಡುಗಿಗೆ ಹೋಗುವುದು ಹೆಚ್ಚು ಅದೇ. ಒಂದು ಸಲ ಅದರ ಫ್ಯಾನಿನ ಹತ್ತಿರ ಇರುವೆ ಗೂಡು ಕಟ್ಟಿ, ಬಿಳಿ ಮೊಟ್ಟೆ ರಾಶಿ ಇತ್ತು. ಮಲ್ಟಿಮೀಟರ್ ಇದ್ದರೆ ಹಳದಿ ವೈರಿಗೂ ಕಪ್ಪು ವೈರಿಗೂ ನಡುವೆ ಹಿಡಿಯಿರಿ, 11.4 ರಿಂದ 12.6 ವೋಲ್ಟಿನ ಒಳಗೆ ಬರಬೇಕು. ಕೆಂಪು ಕಪ್ಪಿಗೆ 5. ಆದರೆ ಆ ಡಬ್ಬಿಯನ್ನು ಮಾತ್ರ ನೀವು ಬಿಚ್ಚುವುದು ಬೇಡ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ನಿಂತಿರಬಹುದು. ಗುಡುಗು ಬಂದರೆ ಪ್ಲಗ್ ಮಾತ್ರ ತೆಗೆದರೆ ಸಾಲದು, ಇಂಟರ್‌ನೆಟ್ ವೈರನ್ನೂ ಎಳೆದಿಡಬೇಕು, ನನ್ನ ಒಂದು ಬೋರ್ಡು ಹೋದದ್ದು ಆ ವೈರಿನಿಂದಲೇ.

ಹುಬ್ಬಳ್ಳಿ:
ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್‌ಲೆ ಜೋಡಿಸ್ತೀನಿ ಅಂತ ಯಾರರ ಹೇಳಿದ್ರ ಒಂದ್ ಮಾತು ನೆನಪಿಡ್ರಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬ್ಯಾರೆ ಅಡಾಪ್ಟರ್ ಇರೋ ಕೇಬಲ್ಲೇ ಬೇಕು. ಬರೇ ಯುಎಸ್‌ಬಿಯಿಂದ ಅದು ತಿರುಗಾಂಗೇ ಇಲ್ಲ, ನಾವೂ ಸತ್ತೇ ಹೋಗೇತಿ ಅಂತ ಎರಡ್ ದಿನ ಚಿಂತಿ ಮಾಡಿದ್ವಿ.

ಧಾರವಾಡ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಮ್ಮ ಓಣ್ಯಾಗಿನ ಇಂಜಿನಿಯರಿಂಗ್ ಓದೋ ಹುಡುಗ ಮಿಂಟ್ ಹಾಕಿಕೊಟ್ಟ, ಡಿಸ್ಕ್ ಚಲೋ ಐತಿ, ಅಪ್ಪಾರ ಫೋಲ್ಡರ್ ಸಿಕ್ಕೈತಿ, ಕಾಪಿ ಆತು. ಸೆಲ್ ತಗದು ನೋಡಿದ್ರ ಮೀಟರ್‌ನ್ಯಾಗ ಒಂದೂವರಿ ವೋಲ್ಟೂ ತೋರಿಸಲಿಲ್ಲ. ಹೊಸಾದು ಹಾಕಿ ಎಎಚ್‌ಸಿಐ ಮಾಡಿದ್ವಿ, ಒಂದ ಸಲಕ್ಕ ವಿಂಡೋಸ್ ಬಂತು! ಆದ್ರ ಕಾಪಿ ಮಾಡಿದ್ದನ್ನ ಮಗಳ ಲ್ಯಾಪ್‌ಟಾಪ್‌ನ್ಯಾಗ ತಗದ್ರ ಕನ್ನಡನ ಇಲ್ಲ, ಮ್ಯಾಲೆ ಚುಕ್ಕಿ ಗೀಟು ಇರೋ ಇಂಗ್ಲೀಷ್ ಅಕ್ಷರ ಬರಾಕತ್ತಾವ. ಫೈಲ್ ಕೆಟ್ಟಾವೇನ್ರಿ?

ಬೆಂಗಳೂರು:
ಇಲ್ಲ ಮೇಡಂ, ಕೆಟ್ಟಿಲ್ಲ, ಗಾಬರಿ ಆಗ್ಬೇಡಿ. ಅದು ಯೂನಿಕೋಡ್ (ಈಗ ಎಲ್ಲಾ ಕಡೆ ಬಳಸೋ ಅಕ್ಷರ ಪದ್ಧತಿ) ಅಲ್ಲದ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋದು, ಆ ಫಾಂಟ್ ಇಲ್ದಿರೋ ಕಡೆ ಹಂಗೇ ಕಾಣತ್ತೆ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿಂದ ನುಡಿ ಹೆಸರಿನವೆಲ್ಲಾ ಕಾಪಿ ಮಾಡಿ ಲ್ಯಾಪ್‌ಟಾಪಿಗೆ ಹಾಕಿ, ಅವನ್ನ ಲೇಖನಗಳ ಜೊತೆಗೇ ಇಟ್ಟಿರಿ. ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್ ಸಿಗತ್ತೆ, ಆದ್ರೆ ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು, ಮೂಲ ಫೈಲ್ ಅಳಿಸ್ಬೇಡಿ.

ಧಾರವಾಡ:
ಬಂತ್ರೀ, ಅಕ್ಷರ ಬಂತು. ಒಟ್ಟು ಮೂವತ್ತೊಂದು ಲೇಖನ ಅದಾವ, ಅರ್ಧಕ್ಕ ನಿಂತಿದ್ದು ಒಂದು. ಅವ್ವಗ ದಿನಾ ಸಂಜೀಕ ಒಂದೊಂದು ಓದಿ ಹೇಳಾಕತ್ತೀನಿ. ಎರಡ್ ಪೆನ್ ಡ್ರೈವಿಗೆ ಫಾಂಟ್ ಸಮೇತ ಹಾಕಿ ಒಂದನ್ನ ತಮ್ಮನ ಮನ್ಯಾಗ ಇಟ್ಟೀನ್ರಿ.